‘ಸ್ಮೃತಿಸೋರಿಕೆ’ ಎಂಬ ಮಾತಿನ ಅರ್ಥ

ಗಣಕಯಂತ್ರದ ಒಂದು ದೋಷಕ್ಕೆ ‘ಮೆಮೊರಿ ಲೀಕ್’, ಎಂದರೆ ಸ್ಮೃತಿಸೋರಿಕೆ, ಎಂದು ಹೆಸರು. ಆದರೆ ಇಲ್ಲಿ ಹೊರಕ್ಕೆ ಹರಿದುಹೋಗುವುದು ಏನೂ ಇಲ್ಲ. ಬೇಡವಾದುದು ಒಳಗೆ ಉಳಿಯುವುದೇ ದೋಷ. ರೋಣ, ನರಗುಂದ, ಗಜೇಂದ್ರಗಡಗಳ ಜೋಳದ ಸೀಮೆಗೆ ಪರಿಚಿತವಾದ ಹಗೇವನ್ನು ನೆನೆದರೆ ಇದು ವಿಶದವಾಗುವುದು. ಹಳೆಯ ಕಾಳನ್ನು ತೆಗೆಯದೆ ಹೊಸದನ್ನು ಸುರಿಯುತ್ತ ಹೋದರೆ, ಹಗೇವು ಸೋರದಿದ್ದರೂ ಅದರಲ್ಲಿ ಎಡೆಯಿಲ್ಲದಾಗುವುದು.

ಬಳಕೆ ತೀರಿದ ಸ್ಥಳವನ್ನು ಯಂತ್ರವೇ ಮರಳಿ ಪಡೆಯುವ ಕ್ರಮವನ್ನು ಜಾನ್ ಮೆಕಾರ್ಥಿಯವರು 1960ರಲ್ಲಿ, ಲಿಸ್ಪ್ ಭಾಷೆಯನ್ನು ಕುರಿತ ಪ್ರಬಂಧದಲ್ಲಿ ವಿವರಿಸಿದರು. ಯಾವುದಾದರೊಂದು ಹೆಸರಿನಿಂದ ಇನ್ನೂ ತಲುಪಬಹುದಾದ ವಸ್ತುವನ್ನು ಈ ಕ್ರಮವು ಮುಟ್ಟದು. ಜಾಲತಾಣಕ್ಕೆ ಆಧಾರವಾದ ಫ್ರೇಮ್‌ವರ್ಕಿನ ಹೊಸ ಆವೃತ್ತಿಯಲ್ಲಿ, ಬಂದ ಪ್ರತಿಯೊಂದು ಕೋರಿಕೆಯನ್ನೂ ಬರೆದುಕೊಂಡು ಅಳಿಸದಿರುವ ಪಟ್ಟಿಯೊಂದಿದ್ದರೆ, ಸ್ಮೃತಿಯು ತುಂಬಿ ಸರ್ವರ್ ನಿಂತುಹೋಗುವುದು.

ಪರೀಕ್ಷೆಗಾಗಿ ಹಳೆಯ ಹೊಸ ಆವೃತ್ತಿಗಳೆರಡನ್ನೂ ಸಮಾನ ಭಾರದಲ್ಲಿ ನಡೆಸತಕ್ಕದ್ದು. ಬಳಕೆಯು ಏರಿ ಒಂದು ಮಟ್ಟದಲ್ಲಿ ನಿಂತರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಏರುತ್ತಲೇ ಇದ್ದರೆ ದೋಷವಿದೆಯೆಂದು ಶಂಕಿಸಬೇಕು. ಬಳಿಕ ಎರಡು ವೇಳೆಗಳಲ್ಲಿ ಸ್ಮೃತಿಯ ಸ್ಥಿತಿಯನ್ನು ದಾಖಲಿಸಿ ಹೋಲಿಸತಕ್ಕದ್ದು. 2014ರಲ್ಲಿ ಪೈಥಾನ್ 3.4ರೊಡನೆ ಬಂದ ಟ್ರೇಸ್‌ಮ್ಯಾಲಾಕ್ ಎಂಬ ಸಾಧನವು, ಕ್ರಮವಿಧಿಯ ಯಾವ ಪಂಕ್ತಿಯು ಎಷ್ಟು ಸ್ಥಳವನ್ನು ಪಡೆದಿದೆಯೆಂಬುದನ್ನು ತೋರಿಸುತ್ತದೆ. ಸರ್ವರನ್ನು ನಿಲ್ಲಿಸಿ ಮತ್ತೆ ನಡೆಸಿದರೆ ಹಗೇವು ಬರಿದಾಗುವುದೇ ಹೊರತು ಕಾರಣವು ಉಳಿದೇ ಇರುವುದು.

‘ಸೋರಿಕೆ’ಯೆಂಬ ಮಾತು ರೂಢಿಯಲ್ಲಿ ನೆಲೆಗೊಂಡಿದೆ, ಅದರ ಅರ್ಥವನ್ನು ಮಾತ್ರ ‘ಬಿಡದ ಹಿಡಿತ’ವೆಂದು ತಿಳಿಯತಕ್ಕದ್ದು.