ಬೂತಾಯಿಗೆ ಬೇಕು ಒಂದು ವರ್ಷ

ಜೂನ್ ತಿಂಗಳು ಬಂತೆಂದರೆ ದಾವಣಗೆರೆಯ ಆನೆಕೊಂಡದಲ್ಲಿ ಸಮುದ್ರದ ಮೀನು ಕೊಳ್ಳುವವರಿಗೆ ಕಸಿವಿಸಿ. ಬಂಗುಡೆ ತುಟ್ಟಿ, ಬೂತಾಯಿ ಕಾಣುವುದೇ ಅಪರೂಪ. ಕಡಲು ಇಲ್ಲಿಂದ ಬಹಳ ದೂರ. ಇಲ್ಲಿಯ ನೀರಾದರೂ ಆ ಕಡಲಿಗೆ ಹೋಗುವುದೇ ಎಂದರೆ ಅದೂ ಇಲ್ಲ. ಹರಿಹರದ ತುಂಗಭದ್ರೆ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತಾಳೆ. ಆದರೂ ಮಲ್ಪೆ, ಮಂಗಳೂರಿನಲ್ಲಿ ಬೋಟು ಲಂಗರು ಹಾಕಿದರೆ ಇಲ್ಲಿ ಮೀನಿನ ಬೆಲೆ ಏರುತ್ತದೆ!

ಬೋಟು ನಿಲ್ಲುವುದು ಸರ್ಕಾರದ ಆದೇಶದಿಂದ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. 2015ಕ್ಕೆ ಮೊದಲು ಇದು 47 ದಿನಗಳಷ್ಟೇ ಇತ್ತು. ಕರ್ನಾಟಕದಲ್ಲಿ 10 ಅಶ್ವಶಕ್ತಿಯೊಳಗಿನ ಯಂತ್ರದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ.

ಈ ಎರಡು ತಿಂಗಳನ್ನೇ ಏಕೆ ಆರಿಸಿದರು? ಮುಂಗಾರಿನ ದಿನಗಳಲ್ಲಿ ನಮ್ಮ ಕರಾವಳಿಯ ಬಳಿ ಆಳದ ತಣ್ಣೀರು ಮೇಲಕ್ಕೆ ಉಕ್ಕುತ್ತದೆ. ತಳದಲ್ಲಿ ಸೇರಿಕೊಂಡಿದ್ದ ನೈಟ್ರೇಟ್, ಫಾಸ್ಫೇಟುಗಳೂ ಅದರೊಡನೆ ಬರುತ್ತವೆ. ಹೊಲಕ್ಕೆ ಗೊಬ್ಬರ ಬಿದ್ದ ಹಾಗೆ! ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬೂತಾಯಿಯ ಮುಖ್ಯ ಆಹಾರವೇ ಅದು. ಆದ್ದರಿಂದ ಆ ಮೀನು ಮೊಟ್ಟೆಯಿಡುವುದೂ ಅದೇ ಹೊತ್ತಿನಲ್ಲಿ. ಮರಿ ಸುಮಾರು 15 ಸೆಂಟಿಮೀಟರ್ ಉದ್ದಕ್ಕೆ ಬೆಳೆದು ತಾನೂ ಮೊಟ್ಟೆಯಿಡಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅದರ ಆಯುಸ್ಸೇ ಎರಡು, ಎರಡೂವರೆ ವರ್ಷ. ಮರಿಯಲ್ಲೇ ಹಿಡಿದುಬಿಟ್ಟರೆ ಮುಂದಿನ ವರ್ಷದ ಬೆಳೆಗೆ ಬೀಜವೇ ಇರುವುದಿಲ್ಲ.

ಹಿಂದೆ ಈ ನಿಷೇಧವನ್ನು ಕಡಲೇ ಹಾಕುತ್ತಿತ್ತು. ಕರಾವಳಿಯ ರಂಪಣಿ ಬಲೆಯನ್ನು ಹತ್ತಾರು ಜನ ದಡದಲ್ಲಿ ನಿಂತು ಎಳೆಯಬೇಕಿತ್ತು. ಮಳೆಗಾಲದ ಅಬ್ಬರದಲ್ಲಿ ಅದು ಆಗದ ಮಾತು. ಉಳಿದ ಕಾಲದಲ್ಲೂ ದಡದ ಹತ್ತಿರ ಬಂದ ಮೀನಷ್ಟೇ ಬಲೆಗೆ, ದೂರದ್ದು ಕಡಲಿಗೆ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡನ್ನು ಅದಿದ್ದಲ್ಲಿಗೇ ಹೋಗಿ ಸುತ್ತುವ ಬಲೆ ಅದು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ.

ಕಾನೂನಿನ ಯೋಚನೆ ಅದಕ್ಕಿಂತಲೂ ಹಳೆಯದು. ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯದಲ್ಲಿದ್ದಾಗ, ಬೂತಾಯಿ ಸಿಗದಂತಾಗಿ, 1943ರಲ್ಲಿ ಅಲ್ಲಿಯ ಸರ್ಕಾರ ಮರಿಗಳನ್ನು ಹಿಡಿಯುವುದಕ್ಕೆ ನಿರ್ಬಂಧ ಹಾಕಿತ್ತು. ಜಾರಿಗೆ ತರಲಾಗದೆ ಕೆಲವು ವರ್ಷಗಳಲ್ಲೇ ಕೈಬಿಟ್ಟಿತು.

ಕುಸಿತ ಹೇಗಿರುತ್ತದೆ ಎಂಬುದಕ್ಕೆ ನೆರೆಯ ಕೇರಳದ ಲೆಕ್ಕ ನೋಡಬಹುದು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಕಾರ 2012ರಲ್ಲಿ ಅಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ದಡ ಸೇರಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್! ನೂರು ಬುಟ್ಟಿ ಇದ್ದಲ್ಲಿ ಒಂದೇ ಬುಟ್ಟಿ. ತಪ್ಪೆಲ್ಲ ಬಲೆಯದೇ ಎನ್ನುವಂತಿಲ್ಲ. ಎಲ್ ನಿನೊದಿಂದ ಕಡಲು ಬಿಸಿಯಾದದ್ದೂ ಕಾರಣ. ಆದರೆ ಕಡಲಿನ ಬಿಸಿಯನ್ನು ಮಲ್ಪೆಯಲ್ಲಾಗಲಿ ಕೊಚ್ಚಿಯಲ್ಲಾಗಲಿ ಇಳಿಸಲು ಬರುವುದಿಲ್ಲ, ಬಲೆಯ ಕಣ್ಣನ್ನು ದೊಡ್ಡದು ಮಾಡಲು ಬರುತ್ತದೆ. 2023ರಲ್ಲಿ ಅಲ್ಲಿಯ ಬೂತಾಯಿ ಮತ್ತೆ ಒಂದು ಲಕ್ಷ ಟನ್ ದಾಟಿತು.

ಬಲೆಯ ಕಣ್ಣಿನ ವಿಷಯ ಸ್ವಾರಸ್ಯವಾದದ್ದು. ಟ್ರಾಲ್ ಬಲೆಯ ತುದಿಯಲ್ಲಿ ಮೀನು ಸೇರುವ ಚೀಲವಿರುತ್ತದೆ. ಅದರ ಕಣ್ಣು ಸಾಮಾನ್ಯವಾಗಿ ವಜ್ರಾಕಾರದ್ದು. ಎಳೆದಾಗ ಬಿಗಿದು ಮುಚ್ಚಿಕೊಳ್ಳುತ್ತದೆ, ಮರಿಗೂ ದಾರಿಯಿರುವುದಿಲ್ಲ. ಚೌಕಾಕಾರದ ಕಣ್ಣಾದರೆ ಎಳೆದರೂ ತೆರೆದೇ ಇರುತ್ತದೆ, ಮರಿಗಳು ನುಸುಳಿ ಹೋಗುತ್ತವೆ. ಅದೇ ನೂಲು, ಅದೇ ಬೋಟು. ಕಣ್ಣಿನ ಆಕಾರವಷ್ಟೇ ಬೇರೆ. ಪ್ರಖರ ದೀಪ ಹಾಕಿ ಮೀನನ್ನು ಸೆಳೆಯುವುದು, ಎರಡು ಬೋಟು ಜೋಡಿಸಿ ಒಂದೇ ಬಲೆ ಎಳೆಯುವುದು ಇವುಗಳನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು.

ಇಷ್ಟಾದರೂ ಮರಿ ಹಿಡಿಯುವುದು ಏಕೆ ನಿಲ್ಲುವುದಿಲ್ಲ? ಕೊಳ್ಳುವವರಿದ್ದಾರೆ! ತಿನ್ನಲು ಬಾರದ ಮರಿಯೂ ಮೀನು ಹಿಟ್ಟಿನ ಕಾರ್ಖಾನೆಗೆ ಆಗುತ್ತದೆ. ನಾಲ್ಕೈದು ಕಿಲೋ ಹಸಿ ಮೀನಿಗೆ ಒಂದು ಕಿಲೋ ಹಿಟ್ಟು. ಅದು ಸಿಗಡಿಗೆ, ಕೋಳಿಗೆ ಆಹಾರ. ಕೋಳಿ ಆಹಾರವೆಂದರೆ ದಾವಣಗೆರೆ ಸೀಮೆಯ ರೈತರಿಗೆ ನೆನಪಾಗುವುದು ತಾವು ಬೆಳೆದ ಮೆಕ್ಕೆಜೋಳ. ಅದರ ಜೊತೆಗೆ ಬೆರೆಯುವ ವಸ್ತುಗಳಲ್ಲಿ ಕಡಲಿನ ಮರಿಮೀನೂ ಒಂದು. ಮೀನು ಮುಟ್ಟದವರ ಮನೆಯ ಮೊಟ್ಟೆಯಲ್ಲೂ ಕಡಲಿನ ಪಾಲು ಇರಬಹುದು!

ಮೀನುಗಾರನ ಕಷ್ಟವನ್ನು ಮರೆತು ಬುದ್ಧಿ ಹೇಳುವುದು ಸುಲಭ. ನಿಷೇಧದ ಕಾಲಕ್ಕೆಂದು ಉಳಿತಾಯ–ಪರಿಹಾರ ಯೋಜನೆಯೊಂದಿದೆ. ಮೀನುಗಾರ 1,500 ರೂಪಾಯಿ ಕಟ್ಟಿದರೆ ಕೇಂದ್ರ, ರಾಜ್ಯಗಳು ತಲಾ 1,500 ಸೇರಿಸಿ 4,500 ಕೊಡುತ್ತವೆ. ಅದರಲ್ಲಿ ಮೂರನೆಯ ಒಂದು ಪಾಲು ಅವನದೇ ದುಡ್ಡು. ಎರಡು ತಿಂಗಳು ದುಡಿಮೆಯಿಲ್ಲದ ಮನೆಗೆ ಇದು ಯಾವ ಮೂಲೆಗೆ? ಸಾಲ ಮಾಡಿದವನು ಆಗಸ್ಟ್ 1ರಂದು ಕಡಲಿಗಿಳಿದಾಗ ಬಲೆಗೆ ಬಿದ್ದ ಮರಿಯನ್ನು ಮತ್ತೆ ನೀರಿಗೆ ಚೆಲ್ಲಬೇಕೆಂದರೆ ಹೇಗೆ ಚೆಲ್ಲಿಯಾನು?

ಕೇರಳ 2015ರಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ, 14 ಸೆಂಟಿಮೀಟರಿಗಿಂತ ಚಿಕ್ಕ ಬಂಗುಡೆ ಹಿಡಿಯಬಾರದೆಂದು ನಿಯಮ ಮಾಡಿತು. ಶಾಲೆಯ ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿರುವ ಅಳತೆಪಟ್ಟಿಯ ಉದ್ದ 15 ಸೆಂಟಿಮೀಟರ್. ಆನೆಕೊಂಡದ ಮೀನಿನ ಬುಟ್ಟಿಯ ಮುಂದೆ ನಿಂತವರೂ ಅದರಿಂದ ಅಳೆದು ನೋಡಬಹುದು.