ಅಪ್‌ಡೇಟ್ ಆಗದ್ದು ಏನು?

ಫೈಲನ್ನು ತಿದ್ದಿ, ಸೇವ್ ಮಾಡಿ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶಕ್ಕೆ 'ಗಿಟ್ ಸ್ಟೇಟಸ್' ಎಂದು ಟೈಪಿಸಿ ಎಂಟರ್ ಒತ್ತಿದರೆ, 2010ರ ಸುಮಾರಿಗೂ ಪರದೆಯ ಮೇಲೆ ಹೀಗೊಂದು ಸಾಲು ಮೂಡುತ್ತಿತ್ತು: 'ಚೇಂಜ್ಡ್ ಬಟ್ ನಾಟ್ ಅಪ್‌ಡೇಟೆಡ್'. ಬದಲಾಗಿದೆ, ಆದರೆ ಅಪ್‌ಡೇಟ್ ಆಗಿಲ್ಲ. ಹೊಸಬರಿಗೆ ಇದರ ತಲೆಬುಡ ತಿಳಿಯುತ್ತಿರಲಿಲ್ಲ. ತಿದ್ದಿದ್ದಾಯಿತು, ಸೇವ್ ಮಾಡಿದ್ದೂ ಆಯಿತು. ಇನ್ನು ಅಪ್‌ಡೇಟ್ ಆಗದೆ ಉಳಿದದ್ದೇನು?

ವ್ಯಾಕರಣದ ಪೀರಿಯಡ್ಡಿನಲ್ಲಿ ಕರ್ಮಪದ ಹುಡುಕಲು ಮೇಷ್ಟ್ರು ಹೇಳಿಕೊಡುವ ಉಪಾಯವೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ: ಕ್ರಿಯಾಪದಕ್ಕೆ 'ಏನನ್ನು?' ಎಂದು ಕೇಳಿ. ಆ ಸಾಲಿನಲ್ಲಿ ಉತ್ತರವಿಲ್ಲ. ಉತ್ತರ ಸಿಗುವುದು ಗಿಟ್ ಹುಟ್ಟಿದ ವಾರದಲ್ಲಿ.

2005ರ ಏಪ್ರಿಲ್. ಲಿನಕ್ಸ್ ಕರ್ನಲ್ ತಂಡ ಇದೇ ಕೆಲಸಕ್ಕೆ ಬಳಸುತ್ತಿದ್ದ ಬಿಟ್‌ಕೀಪರ್ ತಂತ್ರಾಂಶದ ಉಚಿತ ಪರವಾನಗಿ ಕೈತಪ್ಪಿತ್ತು. ಲೈನಸ್ ಟೋರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಗಿಟ್ ಬರೆದು, ಏಪ್ರಿಲ್ 7ರಂದು ಅದರ ಕೋಡನ್ನು ಅದರಲ್ಲೇ ದಾಖಲಿಸಿದರು. ಆ ಮೊದಲ ಕಂತಿನಲ್ಲಿದ್ದ ಕಮಾಂಡುಗಳು ಬೆರಳೆಣಿಕೆಯಷ್ಟು. ಅವುಗಳಲ್ಲೊಂದರ ಹೆಸರು 'ಅಪ್‌ಡೇಟ್-ಕ್ಯಾಶ್'. ಮುಂದೆ ಅದೇ 'ಅಪ್‌ಡೇಟ್-ಇಂಡೆಕ್ಸ್' ಆಯಿತು.

ಇಂಡೆಕ್ಸ್ ಎಂದರೆ, ಅಚ್ಚಿಗೆ ಹೋಗಬೇಕಾದ ಪುಟಗಳ ಪ್ರತಿ ತೆಗೆದು ಬೇರೆ ತಟ್ಟೆಯಲ್ಲಿಟ್ಟ ಹಾಗೆ. ಮೇಜಿನ ಮೇಲಿನ ಮೂಲದಲ್ಲಿ ಆಮೇಲೆ ಏನೇ ತಿದ್ದಿದರೂ ತಟ್ಟೆಯ ಪ್ರತಿ ತಾನಾಗಿ ಬದಲಾಗದು. ಹೊಸ ಪ್ರತಿಯನ್ನು ನಾವೇ ಇಡಬೇಕು. ಬದಲಾವಣೆಗಳನ್ನು ದಾಖಲಿಸುವ 'ಕಮಿಟ್' ಕಮಾಂಡ್ ಒಯ್ಯುವುದು ತಟ್ಟೆಯಲ್ಲಿರುವುದನ್ನು, ಮೇಜಿನ ಮೇಲಿರುವುದನ್ನಲ್ಲ.

ಈಗ ಗಂಟು ಬಿಚ್ಚುತ್ತದೆ. ಅಪ್‌ಡೇಟ್ ಆಗದ್ದು ಫೈಲಲ್ಲ, ಇಂಡೆಕ್ಸ್. ಆರಂಭದ ದಿನಗಳಲ್ಲಿ ಈ ಶೀರ್ಷಿಕೆಯ ಕೆಳಗೇ, ಕಮಿಟ್‌ಗೆ ಗುರುತು ಹಾಕಲು 'ಗಿಟ್-ಅಪ್‌ಡೇಟ್-ಇಂಡೆಕ್ಸ್' ಬಳಸಿ ಎಂಬ ಸುಳಿವು ಕಂಸದಲ್ಲಿರುತ್ತಿತ್ತು. ಮೇಲಿನ ಸಾಲಿನ ಕರ್ಮಪದ ಕೆಳಗಿನ ಸಾಲಿನಲ್ಲಿತ್ತು. ಎರಡನ್ನೂ ಸೇರಿಸಿ ಓದಿದವರಿಗೆ ಅರ್ಥವಾಗುತ್ತಿತ್ತು.

2007ರ 1.5.0 ಆವೃತ್ತಿ ಬಳಕೆದಾರರ ಕಷ್ಟ ಕಡಿಮೆ ಮಾಡಲು ಹೊರಟಿತು. ಅಲ್ಲಿಯವರೆಗೆ ಹೊಸ ಫೈಲುಗಳಿಗಷ್ಟೇ ಮೀಸಲಾಗಿದ್ದ 'ಗಿಟ್ ಆ್ಯಡ್' ತಿದ್ದಿದ ಫೈಲುಗಳಿಗೂ ಒದಗಿತು. ಸುಳಿವಿನಲ್ಲೂ ಅದೇ ಬಂತು. ಒಳ್ಳೆಯದೇ ಆಯಿತು. ಆದರೆ ಕೆಳಗಿನ ಸಾಲನ್ನು ಸಲೀಸು ಮಾಡಿದ್ದರಿಂದ ಮೇಲಿನ ಸಾಲು ಅನಾಥವಾಯಿತು: 'ಅಪ್‌ಡೇಟೆಡ್' ಪದ ಯಾವ ಕಮಾಂಡಿನ ನೆರಳಾಗಿತ್ತೋ ಆ ಕಮಾಂಡೇ ಪರದೆಯಿಂದ ಮಾಯ. ಗಿಟ್ ಕಟ್ಟಿದವರಿಗೆ ಹಳೆಯ ಹೆಸರು ಬಾಯಿಪಾಠವಾದ್ದರಿಂದ ಕೊರತೆ ಕಾಣಲಿಲ್ಲ. ಕಂಡದ್ದು ಆ ಹೆಸರನ್ನೇ ಕೇಳದೆ ಬಂದ ಹೊಸಬರಿಗೆ.

ಅಷ್ಟರಲ್ಲಿ ಇಂಡೆಕ್ಸ್‌ಗೆ ಹಾಕುವ ಕೆಲಸಕ್ಕೆ 'ಸ್ಟೇಜ್' ಎಂಬ ಮಾತು ರೂಢಿಗೆ ಬಂದಿತ್ತು. 2011ರ 1.7.4 ಆವೃತ್ತಿಯಲ್ಲಿ ಶೀರ್ಷಿಕೆ ಬದಲಾಯಿತು: 'ಚೇಂಜಸ್ ನಾಟ್ ಸ್ಟೇಜ್ಡ್ ಫಾರ್ ಕಮಿಟ್'. ಕಮಿಟ್‌ಗೆಂದು ಎತ್ತಿಡದ ಬದಲಾವಣೆಗಳು. ಯಾವುದು, ಯಾತಕ್ಕಾಗಿ, ಎರಡೂ ಒಂದೇ ಸಾಲಿನಲ್ಲಿ. ಪ್ರೋಗ್ರಾಮಿನ ನಡವಳಿಕೆ ಇದ್ದಂತೆಯೇ ಇತ್ತು. ಬದಲಾದದ್ದು ನಾಲ್ಕೈದು ಪದ.

ಇಂದಿಗೂ ಆ ಶೀರ್ಷಿಕೆಯ ಕೆಳಗಿನ ಸುಳಿವನ್ನು ನಿಧಾನವಾಗಿ ಓದಿ. 'ಅಪ್‌ಡೇಟ್' ಅಲ್ಲೇ ಕೂತಿದೆ. ಮುಂದೆ ಏನು ಕಮಿಟ್ ಆಗುತ್ತದೋ ಅದನ್ನು ಅಪ್‌ಡೇಟ್ ಮಾಡಲು 'ಗಿಟ್ ಆ್ಯಡ್' ಬಳಸಿ ಎನ್ನುತ್ತದೆ. ಈಗ ಮಾತ್ರ ಮೇಷ್ಟ್ರ ಪ್ರಶ್ನೆಗೆ ಉತ್ತರ ಪಕ್ಕದಲ್ಲೇ ಇದೆ.