ಪಣಂಬೂರಿನ ಬಂದರಿಗೂ ಗೋಕುಲಂಗೂ ಏನು ನಂಟು?

ಗೋಕುಲಂನ ಅಡುಗೆಮನೆಗೂ ಪಣಂಬೂರಿನ ಕಡಲಿಗೂ ಏನು ಸಂಬಂಧ ಅಂತೀರಾ? ಗ್ಯಾಸ್! ನವ ಮಂಗಳೂರು ಬಂದರಿನಲ್ಲಿ ಹಡಗಿನಿಂದ ಇಳಿಯುವ ಎಲ್‌ಪಿಜಿ, ಹಾಸನದ ಮೂಲಕ ಮೈಸೂರಿನವರೆಗೆ ಪೈಪ್‌ಲೈನ್‌ನಲ್ಲೇ ಬರುತ್ತೆ.

1975ರಲ್ಲಿ ಉದ್ಘಾಟನೆಯಾದ ಇದು ರಾಜ್ಯದ ಏಕೈಕ ಮೇಜರ್ ಪೋರ್ಟ್. ಎಂಆರ್‌ಪಿಎಲ್‌ಗೆ ಕಚ್ಚಾ ತೈಲ ಬರುವುದು, ನಮ್ಮ ಕಾಫಿ ವಿದೇಶಕ್ಕೆ ಹೊರಡುವುದು ಈ ಬಂದರಿನ ಮೂಲಕ. 2021ರ ಕಾಯ್ದೆ ಪ್ರಕಾರ ಬಂದರು ಪ್ರಾಧಿಕಾರ ತನ್ನ ದರಗಳನ್ನು ತಾನೇ ನಿಗದಿ ಮಾಡಬಹುದು, ಜಾಗ ಗುತ್ತಿಗೆಗೆ ಕೊಡಬಹುದು.

ಆದರೆ ಹೆದ್ದಾರಿ ಅದರ ಕೈಯಲ್ಲಿಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಲಾರಿ ನಿಂತಲ್ಲೇ ನಿಲ್ಲುತ್ತೆ. ಪೈಪಿನ ಗ್ಯಾಸಿಗೆ ಆ ಚಿಂತೆಯಿಲ್ಲ, ಕಂಟೇನರ್‌ಗೆ ಇದೆ. ಹತ್ತಿರದ ಮಂಗಳೂರು ಬಿಟ್ಟು ಸರಕು ದೂರದ ಚೆನ್ನೈಗೆ ಹೋಗೋದಕ್ಕೆ ಇದೂ ಒಂದು ಕಾರಣ.

ಬಂದರು ಎಷ್ಟೇ ಆಳವಿದ್ದರೂ ಘಾಟಿ ದಾಟದ ಸರಕಿಗೆ ಅದು ದೂರವೇ. ಒಳ್ಳೆಯ ಘಾಟಿ ರಸ್ತೆ ಕೇಳಬೇಕಾದವರು ಕರಾವಳಿಯವರಷ್ಟೇ ಅಲ್ಲ, ಮೈಸೂರಿನವರೂ ಕೂಡ.